ಸೋಮಮ್ಮನ ಮಿಲ್ಲಿನ ಹಿಂದಿನ ಕೋಣೆ

ಅರಕೆರೆಯಲ್ಲಿ ನಾಲೆ ರಸ್ತೆಗೆ ತಿರುಗುವ ಮೂಲೆಯಲ್ಲಿ ಸೋಮಮ್ಮನ ಹಿಟ್ಟಿನ ಮಿಲ್ಲಿದೆ. ಐವತ್ತಾರು ವರ್ಷದ ಸೋಮಮ್ಮ ಅದನ್ನು ಇಪ್ಪತ್ತೆರಡು ವರ್ಷದಿಂದ ತಾನೇ ನಡೆಸುತ್ತಿದ್ದಾಳೆ. ಗಂಡ ದೊಡ್ಡಬೀರಯ್ಯನಿಗೆ ಗದ್ದೆ, ಎರಡು ಹಸು, ಡೈರಿ ಇಷ್ಟಾದರೆ ಸಾಕು. ಮಿಲ್ಲಿನ ಸದ್ದಿಗೆ ತಲೆ ನೋಯುತ್ತದೆಂದು ಅತ್ತ ಸುಳಿಯುವುದಿಲ್ಲ. ಒಬ್ಬಳೇ ಮಗಳು ತನುಶ್ರೀಯನ್ನು ಕಿಕ್ಕೇರಿಗೆ ಕೊಟ್ಟಿದ್ದಾರೆ.

ಊರಿನಲ್ಲಿ ಯಾರ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಿದ್ದಾರೆ ಎಂಬುದು ಸೋಮಮ್ಮನಿಗೆ ರಾಗಿ ಡಬ್ಬ ಎತ್ತಿದ ಕೂಡಲೇ ತಿಳಿಯುತ್ತದೆ. ಡಬ್ಬ ಹಗುರವಾಗಿದ್ದರೆ ಸೊಸೆ ತವರಿಗೆ ಹೋಗಿದ್ದಾಳೆ. ಭಾರವಾಗಿದ್ದರೆ ನೆಂಟರು ಬಂದಿದ್ದಾರೆ. ಕೇಳಿ ತಿಳಿದುಕೊಳ್ಳುವ ಅಗತ್ಯವೇ ಅವಳಿಗೆ ಬೀಳುತ್ತಿರಲಿಲ್ಲ. ಜನರ ಬಾಯಿಮಾತನ್ನು ನಂಬುವ ಅಭ್ಯಾಸವೂ ಅವಳಿಗಿಲ್ಲ. ಅದಕ್ಕೊಂದು ಕಾರಣವಿತ್ತು. ಮಿಲ್ಲಿಗೆ ಅಂಟಿಕೊಂಡಂತೆ ಹಿಂದುಗಡೆ ಒಂದು ಕೋಣೆಯಿದೆ, ಒಳಗೇ ಬಚ್ಚಲು, ಕಕ್ಕಸು. ಕೆಲವು ವರ್ಷದ ಹಿಂದೆ ಅದರಲ್ಲಿ ಒಬ್ಬ ಬಾಡಿಗೆಗೆ ಇದ್ದ. ಮೊಬೈಲ್ ಟವರಿನ ಕೆಲಸ ಎಂದಿದ್ದ. ಸೋಮಮ್ಮನನ್ನು "ಅವ್ವ" ಎಂದು ಬಾಯ್ತುಂಬ ಕರೆಯುತ್ತಿದ್ದ, ಅವಳ ಕೈಯ ಮುದ್ದೆ ಉಂಡಿದ್ದ. ಒಂದು ಭಾನುವಾರ ಇವರು ಮದುವೆಗೆ ಹೋಗಿ ಬರುವಷ್ಟರಲ್ಲಿ ಮಿಲ್ಲಿನ ಮೋಟಾರು ಬಿಚ್ಚಿ ಒಳಗಿನ ತಾಮ್ರದ ತಂತಿಯನ್ನೆಲ್ಲ ಕಿತ್ತುಕೊಂಡು ಹೋಗಿದ್ದ. ಆಮೇಲೆ ಆ ಕೋಣೆಗೆ ಬಾಡಿಗೆಯವರು ಬರಲಿಲ್ಲ. ಬಂದವರನ್ನು ಸೋಮಮ್ಮ ಬಾಗಿಲಲ್ಲೇ ಕಳಿಸಿಬಿಡುತ್ತಿದ್ದಳು.

ಎರಡು ವರ್ಷದ ಹಿಂದಿನ ಆಷಾಢದಲ್ಲಿ ಒಂದು ಮಧ್ಯಾಹ್ನ ದಿಲೀಪ, ಸ್ನೇಹ ಎಂಬ ಗಂಡ ಹೆಂಡತಿ ಮಿಲ್ಲಿನ ಮುಂದೆ ಬಂದು ನಿಂತರು. ಅವನಿಗೆ ಇಪ್ಪತ್ತನಾಲ್ಕು, ಅವಳಿಗೆ ಇನ್ನೂ ಎರಡು ಕಡಿಮೆ. ಎರಡು ಬ್ಯಾಗು, ಬಟ್ಟೆಯಲ್ಲಿ ಕಟ್ಟಿದ ಒಂದು ದೊಡ್ಡ ರೊಟ್ಟಿ ಹಂಚು. ಯಾದಗಿರಿ ಜಿಲ್ಲೆಯವರು. ಶ್ರೀರಂಗಪಟ್ಟಣದ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಸ್ನೇಹಳಿಗೆ ಹೊಲಿಯುವ ಕೆಲಸ ಸಿಕ್ಕಿತ್ತು. ಅವರ ವ್ಯಾನು ಅರಕೆರೆಯವರೆಗೆ ಬರುತ್ತಿತ್ತು.

"ಪಟ್ನದಾಗ ಕೇಳಿದ್ವಿ, ಪಾಲಹಳ್ಳಿಯಾಗ ಕೇಳಿದ್ವಿ. ಅಡ್ವಾನ್ಸ್ ನಮ್ಮ ಕೈ ಮೀರ್ತದ್ರಿ ಅಮ್ಮಾರ," ಎಂದಳು ಸ್ನೇಹ. ಮಾತು ಕನ್ನಡವೇ ಆದರೂ ಸೋಮಮ್ಮನಿಗೆ ಅರ್ಧ ಹಿಡಿಯಲಿಲ್ಲ.

"ಎಷ್ಟು ಜನ ಇರ್ತೀರಿ?"

"ಇಬ್ಬರ ರೀ," ಎಂದ ದಿಲೀಪ.

"ಅಷ್ಟು ದೂರದಿಂದ ಇಲ್ಲಿಗ್ಯಾಕೆ ಬಂದ್ರಿ? ನಿಮ್ಮೂರ್ ಕಡೆ ಕೆಲ್ಸ ಇರ್ನಿಲ್ವಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ಸೋಮಮ್ಮನಿಗೆ ಹಿಡಿಸಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹಾಲಿನ ಕ್ಯಾನು ಹಿಡಿದು ಬಂದ ದೊಡ್ಡಬೀರಯ್ಯ, "ಕೊಟ್ಬುಡಮ್ಮಿ. ಐಕ್ಳು, ಎಲ್ಲಿ ಅಲೀತವೆ?" ಎಂದುಬಿಟ್ಟ. ಅವರ ಮುಂದೆ ಗಂಡನ ಮಾತು ತೆಗೆದುಹಾಕಲಾರದೆ ಸೋಮಮ್ಮ ಒಪ್ಪಿದಳು. ಇಬ್ಬರ ಆಧಾರ್ ಕಾರ್ಡಿನ ಜೆರಾಕ್ಸ್ ಇಸಿದುಕೊಂಡಳು. ಮೋಟಾರಿಗೆ ಕಬ್ಬಿಣದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದಳು.

ಸ್ನೇಹ ಬೆಳಿಗ್ಗೆ ಏಳಕ್ಕೆ ವ್ಯಾನು ಹತ್ತುತ್ತಿದ್ದಳು. ದಿಲೀಪ ಊರಾಚೆಯ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸ ಹಿಡಿದ. ಶನಿವಾರ ಶನಿವಾರ ಬಿಳಿಜೋಳ ತಂದು ಹಿಟ್ಟು ಮಾಡಿಸುತ್ತಿದ್ದರು. ಆ ಊರಿನಲ್ಲಿ ಜೋಳ ಬೀಸಿಸುವವರು ಬೇರೆ ಯಾರೂ ಇರಲಿಲ್ಲ. ರಾಗಿ ಬೀಸಿದ ಕಲ್ಲಿಗೆ ಜೋಳ ಹಾಕಿದರೆ ಮೊದಲ ಹಿಟ್ಟು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಸ್ನೇಹ ಅದಕ್ಕೂ ಏನೂ ಅನ್ನುತ್ತಿರಲಿಲ್ಲ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಮೊದಲ ಒಂದು ತಿಂಗಳು ವಾರಕ್ಕೆ ಆರು ಕೇಜಿ. ಇಬ್ಬರಿಗೆ ಸರಿಯಾದ ಲೆಕ್ಕ.

ಶ್ರಾವಣದಲ್ಲಿ ತನುಶ್ರೀಯ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರಕ್ಕೆಂದು ಸೋಮಮ್ಮ, ದೊಡ್ಡಬೀರಯ್ಯ ಕಿಕ್ಕೇರಿಗೆ ಹೋಗಿ ಮೂರು ದಿನ ಇದ್ದು ಬಂದರು. ಬಂದ ವಾರ ಸ್ನೇಹ ತಂದ ಚೀಲ ಎತ್ತಿದಾಗ ಸೋಮಮ್ಮನ ಕೈ ನಿಂತಿತು. ಹತ್ತು ಕೇಜಿಗೆ ಕಡಿಮೆಯಿರಲಿಲ್ಲ.

"ಏನವ್ವ, ನೆಂಟ್ರು ಬಂದವ್ರಾ?"

"ಇಲ್ರಿ. ಯಾರೂ ಬಂದಿಲ್ರಿ."

ಮುಂದಿನ ವಾರವೂ ಹತ್ತು. ಅದರ ಮುಂದಿನ ವಾರವೂ ಹತ್ತು. ಸೋಮಮ್ಮ ರಾತ್ರಿ ಊಟಕ್ಕೆ ಕೂತಾಗ ಗಂಡನ ಕಿವಿಗೆ ಹಾಕಿದಳು. "ವಯಸ್ಸಿನ ಐಕ್ಳು, ತಿಂತವೆ ಬುಡು," ಎಂದ ಅವನು.

"ತಿಂದ್ರೆ ಮೊದಲ್ನೇ ತಿಂಗ್ಳೂ ತಿನ್ಬೇಕಾಗಿತ್ತು. ಅವ್ನು ನೋಡಿದ್ರೆ ಹಂಚಿಕಡ್ಡಿ ಇದ್ದಂಗವ್ನೆ. ಆ ರೂಮಲ್ಲಿ ಇನ್ನೊಬ್ರವ್ರೆ."

"ನೀನ್ ನೋಡ್ದ್ಯಾ?"

"ಹಿಟ್ಟು ನೋಡ್ದೆ."

ಅವಳು ಗಮನವಿಟ್ಟಳು. ತಂತಿಯ ಮೇಲೆ ಒಂದು ದಿನ ನೀಲಿ ಅಂಗಿ ಒಣಗುತ್ತಿತ್ತು. ಅದರ ಭುಜ ದಿಲೀಪನ ಭುಜಕ್ಕಿಂತ ಒಂದು ಗೇಣು ಅಗಲ. ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಬಾಗಿಲಿಗೆ ಹೊರಗಿನಿಂದ ಬೀಗ ಬೀಳುತ್ತಿತ್ತು, ಆದರೂ ಆ ಬಚ್ಚಲಿಗೆ ನೀರು ಹೋಗುವ ತೊಟ್ಟಿ ಮಧ್ಯಾಹ್ನಕ್ಕೆ ಇಳಿದಿರುತ್ತಿತ್ತು. ಕಿಟಕಿಗೆ ಒಳಗಿನಿಂದ ಹಳೇ ಪೇಪರು ಅಂಟಿಸಿದ್ದರು. ಬಿಸಿಲು ಎಂದರು. ಉತ್ತರ ದಿಕ್ಕಿನ ಕಿಟಕಿಗೆ ಎಲ್ಲಿಯ ಬಿಸಿಲು? ಕಳ್ಳನನ್ನು ಇಟ್ಟುಕೊಂಡಿದ್ದಾರೋ, ಪೊಲೀಸರು ಹುಡುಕುತ್ತಿರುವ ಯಾವನನ್ನೋ ಬಚ್ಚಿಟ್ಟಿದ್ದಾರೋ, ಕಳ್ಳಸಾಮಾನು ತಂದು ಹಂಚುತ್ತಾರೋ ಎಂದು ಒಂದೊಂದು ದಿನ ಒಂದೊಂದು ಅನುಮಾನ ಬೆಳೆಯಿತು. ನಾಗಮಂಗಲದಲ್ಲಿ ಪೊಲೀಸ್ ಆಗಿರುವ ಅಕ್ಕನ ಮಗ ಶಶಿಗೆ ಫೋನು ಮಾಡೋಣವೆಂದುಕೊಂಡಳು. ಏನೆಂದು ಹೇಳುವುದು? ಹಿಟ್ಟು ಜಾಸ್ತಿ ಬೀಸಿಸುತ್ತಾರೆ ಎಂದರೆ ನಗುತ್ತಾನೆ.

ಗೌರಿ ಹಬ್ಬದ ಹಿಂದಿನ ವಾರ, ಹನ್ನೊಂದು ಗಂಟೆಯ ಹೊತ್ತು. ಮಿಲ್ಲು ಓಡುತ್ತಿತ್ತು, ಕಲ್ಲಿನ ಮೇಲಿನ ತೊಟ್ಟಿಯಲ್ಲಿ ಬೈರಮ್ಮನ ರಾಗಿ ಅರ್ಧ ಇಳಿದಿತ್ತು. ಬೈರಮ್ಮ ಎದುರು ಅಂಗಡಿಗೆ ಸೋಪು ತರಲು ಹೋಗಿದ್ದಳು. ಕರೆಂಟು ಹೋಯಿತು. ಅಷ್ಟು ಸದ್ದು ಒಮ್ಮೆಗೇ ನಿಂತಾಗ ಕಿವಿಯಲ್ಲಿ ಗುಂಯ್ ಎಂದಿತು. ಆ ಮೌನದಲ್ಲಿ ಹಿಂದಿನ ಗೋಡೆಯಾಚೆ ಒಬ್ಬ ಗಂಡಸು ಕೆಮ್ಮಿದ. ಗಟ್ಟಿಯಾಗಿ, ಎರಡು ಸಲ. ಮೂರನೆಯದನ್ನು ಬಾಯಿಗೆ ಬಟ್ಟೆ ತುರುಕಿ ತಡೆದಂತೆ ಕೇಳಿಸಿತು.

ಸೋಮಮ್ಮ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹಿಂದಕ್ಕೆ ಹೋದಳು. ಬಾಗಿಲಿಗೆ ಬೀಗವಿತ್ತು.

"ಒಳಗೆ ಯಾರ್ಲಾ ಇರೋದು?"

ಅವಳು ಬಾಗಿಲು ಬಡಿದಳು.

"ಕೆಮ್ಮಿದ್ದು ಕೇಳುಸ್ತು. ಸುಮ್ಕಿದ್ರೆ ಊರೋರ್ನೆಲ್ಲ ಕರೀತೀನಿ."

"ಬ್ಯಾಡ್ರಿ," ಎಂದಿತು ದನಿ, ಬಾಗಿಲಿನ ಬುಡದಿಂದ. ನೆಲದ ಮೇಲೆ ಕೂತಿದ್ದ ಮನುಷ್ಯ. "ತೆಗಿಯಾಕ ನನ್ನ ಕಡಿ ಕೀಲಿ ಇಲ್ರಿ."

"ಯಾರು ನೀನು?"

"ದಿಲೀಪನ ಅಣ್ಣ ರೀ. ಭೀಮರಾಯ."

"ಅಣ್ಣ ಆದ್ರೆ ಒಳಗೆ ಕೂಡಾಕಿ ಬೀಗ ಯಾಕೆ ಜಡ್ದವ್ರೆ?"

"ನಾನ ಹಾಕ್ಕೊಂಡು ಹೋಗ್ರಿ ಅಂತ ಹೇಳೀನ್ರಿ. ಹೊರಗ ಬಂದ್ರ ಮಂದಿ ಕೇಳ್ತಾರ. ಕೇಳಿದ್ರ ಹೇಳಬೇಕಾಗ್ತದ."

"ಏನ್ ಹೇಳ್ಬೇಕಾಯ್ತದೆ?"

"ಜೈಲಿನ್ಯಾಗ ಇದ್ದೆ ರೀ. ಎರಡು ವರ್ಷ. ಈಗ ಬಿಟ್ಟಾರ."

ಸೋಮಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. "ಯಾಕೆ ಹಾಕಿದ್ರು?"

"ಎರಡು ಜೀವ ಹೋಗ್ಯಾವ್ರಿ ನನ್ನಿಂದ..."

ಅಷ್ಟರಲ್ಲಿ ಕರೆಂಟು ಬಂತು. ಸೋಮಮ್ಮ ಸ್ವಿಚ್ ಆರಿಸದೆ ಬಂದಿದ್ದಳು, ಮಿಲ್ಲು ಗುಡುಗಿ ಎದ್ದಿತು. ಬಾಗಿಲಾಚೆ ಅವನು ಇನ್ನೂ ಏನೋ ಹೇಳುತ್ತಿದ್ದ, ಒಂದಕ್ಷರವೂ ಕೇಳಲಿಲ್ಲ. ಕಲ್ಲಿನ ಮೇಲೆ ಬೈರಮ್ಮನ ರಾಗಿಯಿದೆಯೆಂದು ಸೋಮಮ್ಮ ಮುಂದಕ್ಕೆ ಓಡಿದಳು. ರಾಗಿ ಮುಗಿಸಿ ಬೈರಮ್ಮನನ್ನು ಕಳಿಸಿದಳು. ಎರಡು ಕೊಲೆ ಮಾಡಿದವನು ತನ್ನ ಗೋಡೆಯಾಚೆ ಕೂತಿದ್ದಾನೆ. ದಿನಾ ಬೆಳಗಿನಿಂದ ಒಬ್ಬಳೇ ಇರುವ ತನಗೂ ಅವನಿಗೂ ನಡುವೆ ಒಂದು ಇಟ್ಟಿಗೆ ಗೋಡೆ. ಅವಳು ಮನೆಗೆ ಹೋಗಿ ಹಸುವಿನ ಕೊಟ್ಟಿಗೆಯ ಬೀಗ ತಂದು, ಆ ಬಾಗಿಲಿಗೆ ಇದ್ದ ಬೀಗದ ಮೇಲೆ ಇನ್ನೊಂದು ಬೀಗ ಜಡಿದಳು.

ಸಂಜೆ ಆರೂವರೆಗೆ ವ್ಯಾನು ಇಳಿದು ಬಂದ ಸ್ನೇಹಳಿಗೆ ಎರಡು ಬೀಗ ಕಂಡಿತು. ಮುಂದೆ ಸೋಮಮ್ಮ ನಿಂತಿದ್ದಳು, ಅವಳ ಪಕ್ಕದಲ್ಲಿ ಪಂಚಾಯ್ತಿ ಮೆಂಬರು ನಾಗರಾಜು. ಅವನದು ಎದುರುಗಡೆ ಗೊಬ್ಬರದ ಅಂಗಡಿ. ವಿಷಯ ಅವನೊಬ್ಬನಿಗೇ ಹೇಳಿ ಕರೆಸಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ದಿಲೀಪನೂ ಮೈತುಂಬ ಕಬ್ಬಿನ ಧೂಳು ಹೊತ್ತು ಬಂದ. ಡೈರಿಯಿಂದ ಬಂದ ದೊಡ್ಡಬೀರಯ್ಯ ಬೀಗ ನೋಡಿ ಹೆಂಡತಿಯ ಮೇಲೇ ಮೊದಲು ಹರಿಹಾಯ್ದ.

"ಒಳಗೆ ಮನ್ಸ ಅವ್ನೆ ಅಂತೀಯ. ಬೀಗದ ಮ್ಯಾಲೆ ಬೀಗ ಜಡ್ದಿದ್ದೀಯ. ಮಿಲ್ಲಲ್ಲಿ ಕರೆಂಟು ಶಾರ್ಟ್ ಆಗಿ ಬೆಂಕಿ ಅತ್ಕಂಡಿದ್ರೆ?"

ಸೋಮಮ್ಮ ತನ್ನ ಬೀಗ ತೆಗೆದಳು. ದಿಲೀಪ ತನ್ನದನ್ನು ತೆಗೆದ.

ಹೊರಗೆ ಬಂದವನು ಎತ್ತರದ ಆಳು. ಮೂವತ್ತು ತುಂಬಿರಲಿಲ್ಲ, ಆದರೂ ಬೆನ್ನು ಬಾಗಿತ್ತು. ಸಂಜೆಯ ಬೆಳಕಿಗೂ ಕಣ್ಣು ಕಿರಿದು ಮಾಡಿದ. ಯಾರೂ ಹೇಳದೆಯೇ ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತ, ಕೈ ಎರಡನ್ನೂ ಮುಂದೆ ಕಾಣುವಂತೆ ಇಟ್ಟುಕೊಂಡು. ಜೈಲಿನಲ್ಲಿ ಹಾಗೆ ಕೂರಿಸುತ್ತಿದ್ದರೇನೋ.

ಕತೆ ಹೇಳಿದವಳು ಸ್ನೇಹ. ಭೀಮರಾಯ ಊರಿನ ಸಾಹುಕಾರರೊಬ್ಬರ ಟ್ರಾಕ್ಟರು ಓಡಿಸುತ್ತಿದ್ದ. ಹತ್ತಿ ಮಾರಿ ಬರುವಾಗ ಕುಡಿದಿದ್ದ. ಊರ ಹತ್ತಿರದ ತಿರುವಿನಲ್ಲಿ ಟ್ರಾಕ್ಟರು ರಸ್ತೆ ಬಿಟ್ಟು ಮರದ ಕೆಳಗೆ ಕೂತಿದ್ದ ಇಬ್ಬರು ಹೆಂಗಸರ ಮೇಲೆ ಹೋಯಿತು. ಇಬ್ಬರೂ ಅಲ್ಲೇ ಸತ್ತರು. ಒಬ್ಬಳು ಇವರ ಓಣಿಯವಳೇ. ಶಿಕ್ಷೆ ಮುಗಿಸಿ ಬಂದರೂ ಓಣಿಯಲ್ಲಿ ನೀರು ಹಿಡಿಯಲು ಬಿಡಲಿಲ್ಲ, ಮನೆಯವರೆಲ್ಲರ ಮುಖ ನೋಡಿ ಉಗುಳಿದರು. "ಅವರದೇನೂ ತಪ್ಪಿಲ್ರಿ," ಎಂದಳು ಸ್ನೇಹ. "ಅವರ ಮನಿ ತಾಯಿ ಹೋಗ್ಯಾಳ. ನಾವು ಕಣ್ಮುಂದ ಓಡಾಡಿದ್ರ ಹ್ಯಾಂಗ ತಡ್ಕೋತಾರ? ಅದಕ್ಕ ಯಾರಿಗೂ ನಮ್ಮ ಗುರುತಿಲ್ಲದ ಕಡಿ ಬಂದ್ವಿ. ಮೊದಲ ನಾವಿಬ್ಬರ ಬಂದ್ವಿ, ನೀವು ಮಗಳ ಊರಿಗೆ ಹೋದಾಗ ಇವರನ್ನ ಕರಿಸ್ಕೊಂಡ್ವಿ."

"ಇಬ್ಬರೇ ಅಂತ ಯಾಕೆ ಯೋಳಿದ್ರಿ?" ಎಂದಳು ಸೋಮಮ್ಮ. ಅವಳಿಗೆ ಜೈಲಿಗಿಂತ ಅದೇ ಕೊರೆಯುತ್ತಿತ್ತು.

ಸ್ನೇಹ ತಲೆಯೆತ್ತಿದಳು. "ಮೂರು ಮಂದಿ, ಒಬ್ಬ ಜೈಲಿನಿಂದ ಬಂದವ ಅಂದಿದ್ರ ಮನಿ ಕೊಡ್ತಿದ್ರೇನ್ರಿ?"

ಸೋಮಮ್ಮ ಸುಳ್ಳು ಹೇಳಲಿಲ್ಲ. "ಇಲ್ಲ," ಎಂದಳು.

"ನಾಳೆ ಬೆಳಿಗ್ಗೆ ಕಾಲಿ ಮಾಡ್ಸಿ ಸೋಮಕ್ಕ," ಎಂದ ನಾಗರಾಜು. "ನಾಳಿದ್ದು ಏನಾರ ಎಚ್ಚುಕಮ್ಮಿ ಆದ್ರೆ ಊರು ನನ್ ಕೇಳ್ತದೆ."

ಹೊರಗೆ ಬಂದ ಭೀಮರಾಯ ಆಗ ಮೊದಲ ಸಲ ಬಾಯಿಬಿಟ್ಟ. ಹೋಗೆಂದರೆ ಹೋಗುತ್ತೇನೆ, ತಮ್ಮನನ್ನೂ ಅವನ ಹೆಂಡತಿಯನ್ನೂ ಇರಲು ಬಿಡಿ ಎಂದ. ಈ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರುಗಳು ಹಗಲೆಲ್ಲ ಹೋಗುತ್ತವೆ, ಆ ಸದ್ದು ಕೇಳಿದರೆ ತನಗೆ ಕೈಕಾಲು ತಣ್ಣಗಾಗುತ್ತದೆ, ಮಿಲ್ಲು ಓಡುವಾಗ ಅದು ಕೇಳುವುದಿಲ್ಲ, ಅದಕ್ಕೇ ಈ ಕೋಣೆಯಲ್ಲಿ ಇಷ್ಟು ದಿನ ಇದ್ದೆ ಎಂದ. ಹೇಳಿ ಮತ್ತೆ ನೆಲ ನೋಡಿದ.

ಸೋಮಮ್ಮ ಬಹಳ ಹೊತ್ತು ಅವನ ಕೈಗಳನ್ನೇ ನೋಡಿದಳು.

"ಓಡ್ಸುದ್ರೆ ಇನ್ನೆಲ್ಲಾದ್ರೂ ಹೋಗಿ ಇಂಗೇ ಬಚ್ಚಿಟ್ಕಂಡಿರ್ತಾನೆ. ಅಲ್ಲಿ ಯಾರು ನೋಡ್ತಾರೆ?" ಎಂದಳು ಕೊನೆಗೆ. "ಇನ್ಮ್ಯಾಲೆ ಒರಗಿಂದ ಬೀಗ ಹಾಕೋದು ಬ್ಯಾಡ. ಬೆಳಿಗ್ಗೆಯಿಂದ ಸಾಯಂಕಾಲದ ಗಂಟ ಇವ್ನು ಮಿಲ್ಲಲ್ಲಿ ನನ್ ಕಣ್ಮುಂದೆ ಕೂತಿರ್ಬೇಕು. ಕುಡಿದಿದ್ದು ಕಂಡ್ರೆ ಅವತ್ತೇ ಮೂರು ಜನಾನೂ ಒಂಟ್ಬುಡ್ಬೇಕು."

ಅದು ಕರುಣೆಯ ಮಾತಾಗಿರಲಿಲ್ಲ. ಕಣ್ಣಿಗೆ ಕಾಣುವ ಮನುಷ್ಯನಿಗಿಂತ ಗೋಡೆಯಾಚೆ ಕೆಮ್ಮುವ ಮನುಷ್ಯನ ಭಯ ಅವಳಿಗೆ ದೊಡ್ಡದಾಗಿತ್ತು, ಅಷ್ಟೆ.

ಮರುದಿನದಿಂದ ಭೀಮರಾಯ ಮಿಲ್ಲಿನ ಮೂಲೆಯಲ್ಲಿ ಗೋಣಿಚೀಲದ ಮೇಲೆ ಬಂದು ಕೂತ. ಮೂರು ದಿನ ಸುಮ್ಮನೆ ಕೂತಿದ್ದ. ನಾಲ್ಕನೆಯ ದಿನ ಸೋಮಮ್ಮ ರಾಗಿ ಮೂಟೆ ಎತ್ತಲು ಹೆಣಗುವಾಗ ಎದ್ದು ಬಂದು ಎತ್ತಿ ತೊಟ್ಟಿಗೆ ಸುರಿದ. ಬರುವ ಹೆಂಗಸರು ಯಾರಿವನು ಎಂದರೆ "ಹಿಂದಿನ ರೂಮಿನೋರ ಅಣ್ಣ" ಎನ್ನುತ್ತಿದ್ದಳು. ಅಷ್ಟೇ ಹೇಳುತ್ತಿದ್ದಳು. ನಾಗರಾಜು ಬಾಯಿ ಬಿಡದಿದ್ದರೂ ಹೇಗೋ ವಿಷಯ ಹರಡಿತು. ಎಂಟು ಹತ್ತು ಮನೆಯವರು ರಾಗಿಯನ್ನು ಬೇರೆ ಮಿಲ್ಲಿಗೆ ಒಯ್ದರು. ಬೈರಮ್ಮ ಮಾತ್ರ ಬಾಗಿಲಲ್ಲೇ ನಿಂತು ಡಬ್ಬ ಚಾಚುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ.

ಅವರು ಹೇಳಿದ್ದನ್ನು ಸೋಮಮ್ಮ ಹಾಗೇ ನಂಬಿದ್ದಳೆಂದಲ್ಲ. ಆಧಾರ್ ಜೆರಾಕ್ಸಿನ ಫೋಟೋ ತೆಗೆಸಿ ಶಶಿಗೆ ಕಳಿಸಿದಳು. ಹದಿನೈದು ದಿನದ ಮೇಲೆ ಅವನು ಫೋನು ಮಾಡಿದ.

"ಅವ್ರು ಯೋಳಿದ್ದು ನಿಜ ಕಣ್ ಚಿಕ್ಕವ್ವ. ಆಕ್ಸಿಡೆಂಟ್ ಕೇಸೇ. ಬೇರೆ ಕೇಸೇನೂ ಇಲ್ಲ."

"ಮತ್ಯಾಕೆ ಎಳೀತಾ ಇದ್ದೀಯಾ? ಇನ್ನೇನೋ ಐತೆ. ಯೋಳು."

"ಐತೆ ಅಂದ್ರೆ ಐತೆ, ಇಲ್ಲ ಅಂದ್ರೆ ಇಲ್ಲ. ಆ ಊರಲ್ಲಿ ಒಂದು ಮಾತೈತಂತೆ. ಅವತ್ತು ಟ್ರಾಕ್ಟರಲ್ಲಿ ಇಬ್ರೂ ಇದ್ರಂತೆ. ಓಡುಸ್ತಿದ್ದೋನು ತಮ್ಮ, ಅವನ್ಗೆ ಮದ್ವೆ ಗೊತ್ತಾಗಿತ್ತು ಅಂತ ಅಣ್ಣ ಮೈಮೇಲೆ ಆಕ್ಕಂಡ ಅಂತ. ಸಾಕ್ಷಿ ಗೀಕ್ಷಿ ಏನಿಲ್ಲ. ಜನ ಅಂತಾರೆ."

ಫೋನು ಇಟ್ಟ ಮೇಲೆ ಸೋಮಮ್ಮನ ಅನುಮಾನದ ಕಣ್ಣು ಭೀಮರಾಯನನ್ನು ಬಿಟ್ಟು ದಿಲೀಪನ ಮೇಲೆ ಹೋಯಿತು. ಅವಳು ನೋಡಿದ್ದು ಇಷ್ಟು. ದಿಲೀಪ ಅಣ್ಣನ ಮುಖ ನೋಡಿ ಮಾತಾಡುವುದಿಲ್ಲ. ಉಣ್ಣುವಾಗ ಬಿಸಿ ರೊಟ್ಟಿ ಅಣ್ಣನ ತಟ್ಟೆಗೆ ಹಾಕಿ ತಣ್ಣಗಿನದನ್ನು ತಾನು ತಿನ್ನುತ್ತಾನೆ. ಆಲೆಮನೆಯಲ್ಲಿ ಟ್ರಾಕ್ಟರು ಹಿಂದೆ ತೆಗೆಯಲು ಹೇಳಿದಾಗ ತನಗೆ ಓಡಿಸಲು ಬರುವುದಿಲ್ಲ ಎಂದನಂತೆ. ಬರದಿರಬಹುದು. ಇದರಲ್ಲಿ ಯಾವುದೂ ಸಾಕ್ಷಿಯಲ್ಲ ಎಂದು ಅವಳಿಗೂ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಮಿಲ್ಲಿನಲ್ಲಿ ಯಾರೂ ಇರಲಿಲ್ಲ. ಭೀಮರಾಯ ಜರಡಿ ಒದರುತ್ತಿದ್ದ. ಸೋಮಮ್ಮ ಸ್ವಿಚ್ ಆರಿಸಿ ಕೇಳಿಯೇಬಿಟ್ಟಳು.

"ಅವತ್ತು ಓಡುಸ್ತಿದ್ದೋನು ನೀನೇಯಾ?"

ಅವನ ಕೈ ನಿಂತಿತು. "ಶಿಕ್ಷಾ ಆಗಿದ್ದು ನನಗಲ್ಲೇನ್ರಿ?"

"ನಾನ್ ಕೇಳಿದ್ದು ಅದಲ್ಲ."

ಭೀಮರಾಯ ಜರಡಿಯನ್ನು ಗೋಡೆಗೆ ಒರಗಿಸಿದ. "ಅಮ್ಮಾರ, ಆಕೀಗೆ ಈಗ ಮೂರು ತಿಂಗಳ್ರಿ," ಎಂದ. ಆಕೀ ಎಂದರೆ ಸ್ನೇಹ. ಹೋಗಿ ಸ್ವಿಚ್ ಹಾಕಿದ, ಮಿಲ್ಲು ಓಡಿತು, ತೊಟ್ಟಿಯಲ್ಲಿ ಕಾಳೇ ಇರಲಿಲ್ಲ.

ಸೋಮಮ್ಮ ಮತ್ತೆ ಕೇಳಲಿಲ್ಲ. ದಿಲೀಪನನ್ನು ಕೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿತ್ತು. ವ್ಯಾನಿನಿಂದ ಹೊಟ್ಟೆ ಹಿಡಿದುಕೊಂಡು ಇಳಿಯುವ ಸ್ನೇಹಳನ್ನು ಕಂಡಾಗ ನುಂಗಿಕೊಂಡಳು. ಅಂದು ಓಡಿಸಿದ್ದು ಯಾರೆಂದು ಸ್ನೇಹಳಿಗೆ ಗೊತ್ತಿದೆಯೋ ಇಲ್ಲವೋ, ಅದೂ ಇವಳಿಗೆ ತಿಳಿಯಲಿಲ್ಲ. ದೊಡ್ಡಬೀರಯ್ಯನಿಗೆ ಹೇಳಿದಾಗ ಅವನು ಹಾಲು ಕರೆಯುವುದನ್ನು ನಿಲ್ಲಿಸದೆ, "ತಿಳ್ಕಂಡು ಏನ್ ಮಾಡೀಯ?" ಎಂದ. ಸೋಮಮ್ಮನಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ತಿಳಿಯದೆ ಇರುವುದು ಅವಳಿಗೆ ಇವತ್ತಿಗೂ ಕಾಲಿಗೆ ಮುರಿದ ಮುಳ್ಳಿನಂತೆ ಇದೆ.

ಬೇಸಿಗೆಯಲ್ಲಿ ದಿಲೀಪನಿಗೆ ಪಾಂಡವಪುರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಚಿಕ್ಕ ಮನೆ ಹಿಡಿದರು. ಈ ಸಲ ಎಷ್ಟು ಜನ ಎಂದು ಸುಳ್ಳು ಹೇಳಬೇಕಾಗಲಿಲ್ಲ, ಏಕೆಂದರೆ ಭೀಮರಾಯ ಹೋಗಲಿಲ್ಲ. ತಮ್ಮ ಎರಡು ದಿನ ಕರೆದ. ಮೂರನೆಯ ದಿನ ಬ್ಯಾಗು ಹೊತ್ತು, ಸ್ನೇಹಳನ್ನು ಕರೆದುಕೊಂಡು ಬಸ್ಸು ಹತ್ತಿದ. ಭೀಮರಾಯ ಅದೇ ಕೋಣೆಯಲ್ಲಿ ಉಳಿದು ಮಿಲ್ಲಿನ ಕೆಲಸಕ್ಕೇ ನಿಂತ. ಬೈರಮ್ಮ ಈಗ ಒಳಗೆ ಬರುತ್ತಾಳೆ. ಹೋದವರಲ್ಲಿ ಅರ್ಧದಷ್ಟು ಮನೆಗಳು ವಾಪಸು ಬಂದಿವೆ.

ಹೆಣ್ಣುಮಗು ಹುಟ್ಟಿದ ಸುದ್ದಿ ಬಂದಾಗ ಸೋಮಮ್ಮ, ದೊಡ್ಡಬೀರಯ್ಯ ಬಾಳೆಹಣ್ಣು, ತುಪ್ಪ ತೆಗೆದುಕೊಂಡು ನೋಡಲು ಹೋದರು. ಸ್ನೇಹ ಚಾಪೆ ಹಾಸಿದಳು, ಕಾಫಿ ಕೊಟ್ಟಳು. ಮಗುವನ್ನು ತಂದು ದೊಡ್ಡಬೀರಯ್ಯನ ತೊಡೆಯ ಮೇಲೆ ಮಲಗಿಸಿದಳು.

ಸೋಮಮ್ಮ ಸೆರಗು ಸರಿಮಾಡಿಕೊಂಡು ಕೈ ಚಾಚಿದಳು. "ನಂಗೂ ವಸಿ ಕೊಡವ್ವ."

"ಈಗ ಮಲಗೋ ಹೊತ್ತಾಗ್ಯದ್ರಿ," ಎಂದು ಸ್ನೇಹ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ದನಿಯಲ್ಲಿ ಮರ್ಯಾದೆಯಿತ್ತು. ಕೂಸು ಮಾತ್ರ ಕಣ್ಣು ಬಿಟ್ಟುಕೊಂಡೇ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಬೀರಯ್ಯ ಏನೋ ಸಮಾಧಾನ ಹೇಳಲು ಹೊರಟ. ಸೋಮಮ್ಮ ಕಿಟಕಿಯಾಚೆ ನೋಡುತ್ತ, "ಇರ್ಲಿ ಬುಡಿ. ಒಳಗೆ ಮನ್ಸ ಇದ್ದಂಗೇ ಬೀಗ ಜಡ್ದೋಳು ನಾನು. ಅವಳ ಜಾಗದಲ್ಲಿದ್ರೆ ನಾನೂ ಕೊಡ್ತಿರ್ನಿಲ್ಲ," ಎಂದಳು.

ಮುಂದಿನ ತಿಂಗಳು ನಾಟಿ ಕೆಲಸಕ್ಕೆ ಗಂಡ ಗದ್ದೆಗೆ ಹೋದ ದಿನ, ಸೋಮಮ್ಮ ಮಗುವಿಗೆ ಒಂದು ಕುಲಾವಿ ಹೊಲಿಸಿಕೊಂಡು ಒಬ್ಬಳೇ ಪಾಂಡವಪುರಕ್ಕೆ ಹೊರಟಳು. ಮಿಲ್ಲನ್ನು ನೋಡಿಕೊಳ್ಳಲು ಭೀಮರಾಯನಿಗೆ ಹೇಳಿದಳು. ಅವಳಿಲ್ಲದೆ ಅವನು ಮಿಲ್ಲು ನಡೆಸಿದ್ದು ಅದೇ ಮೊದಲು. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಎರಡು ಸಲ ನಿಂತು ಹಿಂದಕ್ಕೆ ನೋಡಿದಳು. ಆಮೇಲೆ ಬಸ್ಸು ಬಂತು, ಹತ್ತಿದಳು.